ಅಜ್ಜನ ಉದ್ಧರಣಿ

ಮೈಮುನಾ ತಂದಿದ್ದ ಸತುವಿನ ಚೂರು ಗಾಜಿನ ಲೋಟದೊಳಗೆ ಬುಸುಬುಸು ಗುಳ್ಳೆ ಬಿಡುತ್ತ ಸಣ್ಣಗಾಗುತ್ತಿತ್ತು. ಮಂದಾಕಿನಿ ತನ್ನ ಚೀಲವನ್ನು ಮಡಿಲಿಗೆ ಅವುಚಿಕೊಂಡಳು.

"ಕರಗಾಕತ್ತೇತಿ ನೋಡ್ರಿ ಮಾಸ್ತರ್ರ," ಎಂದಳು ಮೈಮುನಾ. ಅವಳಿಗೇನು? ಹಳೇ ಹುಬ್ಬಳ್ಳಿಯಲ್ಲಿ ಅವಳಪ್ಪನ ತಗಡಿನ ಅಂಗಡಿ. ಅಂಥ ಚೂರು ಅಲ್ಲಿ ಕಾಲಿಗೆ ತೊಡರುತ್ತವೆ.

"ನೀರು ಬೆರೆಸಿದ ಆಸಿಡ್ ಇದು. ಸತುವನ್ನ ತಿಂತದ. ಇಂದೂನ ಕಬ್ಬಿಣದ ಮೊಳೀನೂ ತಿಂತು, ಆದರ ಸಾವಕಾಶ," ಎಂದರು ವೆಂಕಣ್ಣ ಮಾಸ್ತರು. "ಈಗ ತಾಮ್ರ. ಯಾರು ತಂದೀರಿ?"

ಪಕ್ಕದಲ್ಲಿ ಕೂತಿದ್ದ ಗೆಳತಿ ಇಂದು ಮಂದಾಕಿನಿಯನ್ನು ಮೊಣಕೈಯಿಂದ ತಿವಿದಳು. "ನಿನ್ನೆ ಭಾಳ ಜಂಬ ಕೊಚ್ಚಿದಿ. ಈಗ್ಯಾಕ ಸುಮ್ಮ ಕೂತಿ? ತಗಿ."

ಮಂದಾಕಿನಿಯ ಚೀಲದಲ್ಲಿದ್ದದ್ದು ಅಜ್ಜನ ಉದ್ಧರಣಿ. ಸಂಧ್ಯಾವಂದನೆಗೆ ನೀರು ತೆಗೆದುಕೊಳ್ಳುವ ತಾಮ್ರದ ಪುಟ್ಟ ಚಮಚ. ಮಡಿ ಸಾಮಾನು, ಮಕ್ಕಳು ಮುಟ್ಟುವಂತಿಲ್ಲ. ಲೋಟದೊಳಗೆ ಹಿಡಿಯುವ ತಾಮ್ರ ಬೇರೆ ಸಿಗದೆ, ಅಜ್ಜ ಊಟಕ್ಕೆ ಕೂತಾಗ ದೇವರ ಮನೆಯಿಂದ ಎತ್ತಿಕೊಂಡು ಬಂದಿದ್ದಳು. ಸಂಜೆಯೊಳಗೆ ಇಟ್ಟರಾಯಿತು ಎಂದುಕೊಂಡಿದ್ದಳು. ಕರಗಿಹೋದರೆ ಏನು ಇಡುವುದು?

"ಮಾಸ್ತರ್ರ, ನಂದು ಬ್ಯಾಡ್ರಿ," ಎನ್ನುವುದರೊಳಗೆ ಇಂದು ಚೀಲಕ್ಕೆ ಕೈ ಹಾಕಿ ಕೊಟ್ಟೇಬಿಟ್ಟಳು. ಉದ್ಧರಣಿ ಆಸಿಡ್ಡಿನಲ್ಲಿ ಮುಳುಗಿತು.

ಗುಳ್ಳೆ ಬರಲಿಲ್ಲ. ಮಂದಾಕಿನಿ ಕಾದಳು. ಆಗಲೂ ಬರಲಿಲ್ಲ. ಮೇಲಿನ ಕಪ್ಪಷ್ಟೇ ಹೋಗಿ ತಾಮ್ರ ಕೆಂಪಗೆ ಹೊಳೆಯಿತು.

"ತಾಮ್ರ ಈ ಆಸಿಡ್ಡಿಗೆ ಜಗ್ಗೂದಿಲ್ಲ," ಎಂದು ಮಾಸ್ತರು ಅದನ್ನು ಎತ್ತಿ ಕಾಗದದ ಮೇಲಿಟ್ಟರು. "ಛಲೋತಂಗ ತೊಳಕೊಂಡು ಒಯ್ಯಿ."

ತೊಳೆಯಲು ಪುರಸೊತ್ತು ಯಾರಿಗಿತ್ತು? ಗಂಟೆ ಹೊಡೆದದ್ದೇ ತಡ, ಉಟ್ಟಿದ್ದ ಪರಕಾರದ ಅಂಚಿಗೆ ಉದ್ಧರಣಿಯನ್ನು ಒರೆಸಿಕೊಂಡು ಮನೆಗೆ ಓಡಿದಳು. ಅಜ್ಜ ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದರು. ಉದ್ಧರಣಿಯನ್ನು ನೀರು ತುಂಬಿಟ್ಟ ಪಂಚಪಾತ್ರೆಯೊಳಗೆ ಇಳಿಸಿ, ಕಂಬದ ಹಿಂದೆ ನಿಂತಳು. ಗೆದ್ದೆ ಎನಿಸಿತು.

ಬೆರಳು ಚುರುಗುಟ್ಟಿತು. ಬಾಯಿಗಿಟ್ಟಳು. ಹುಳಿ. ಹುಣಸೆಯಂಥ ಹುಳಿಯಲ್ಲ, ನಾಲಿಗೆ ಕಚ್ಚುವ ಹುಳಿ.

ಅಷ್ಟರಲ್ಲಿ ಅಜ್ಜ ಮಡಿಯುಟ್ಟು ಮಣೆಯ ಮೇಲೆ ಕೂತಿದ್ದರು. ಉದ್ಧರಣಿಯಿಂದ ಅಂಗೈಗೆ ನೀರು ಹಾಕಿಕೊಂಡು, "ಕೇಶವಾಯ..." ಎನ್ನುತ್ತ ಬಾಯಿಯ ಕಡೆ ಒಯ್ದರು.

ಮಂದಾಕಿನಿ ನುಗ್ಗಿ ಆ ಕೈ ಹಿಡಿದುಬಿಟ್ಟಳು. ನೀರು ಚೆಲ್ಲಿತು.

"ಮಡಿ ಮುಟ್ಟಿದೇನs ಹುಚ್ಚಿ?" ಅಜ್ಜ ಹುಬ್ಬು ಗಂಟಿಕ್ಕಿದರು.

"ಕುಡೀಬ್ಯಾಡ್ರಿ ಅಜ್ಜಾ. ಅದರಾಗ ಆಸಿಡ್ ಅದರಿ. ನಾನs ಸಾಲಿಗೆ ಒಯ್ದಿದ್ದೆ."

ಅಜ್ಜ ಚೆಲ್ಲಿದ ನೀರನ್ನು ನೋಡಿದರು, ಅವಳನ್ನು ನೋಡಿದರು.

ಅವರಿಗೆ ಈಗ ಮತ್ತೊಂದು ಸ್ನಾನ. ತನಗೆ ಬೈಗುಳ. ಬರಲಿ. ಅಂಗೈಯಲ್ಲಿ ಉಳಿದ ಹನಿಗಳು ಸೋರಿ ಹೋಗುವ ತನಕ ಮಂದಾಕಿನಿ ಅಜ್ಜನ ಕೈ ಬಿಡಲಿಲ್ಲ.