ಹಸಿದ ಇದ್ದಿಲು

'ಚೈತ್ರ ಬಹುಳ ತದಿಗೆ, ಗುರುವಾರ. ಸೊಸೆ ಒಲೆಯ ಇದ್ದಿಲನ್ನು ತಂದು ನನ್ನ ಗೊಬ್ಬರದ ಗುಂಡಿಗೆ ಸುರಿದಳು. ಬೈದೆ.'

ಹೊನ್ನಾಜಮ್ಮನವರ ಹಳೆಯ ದಿನಚರಿಯ ಓಲೆಯಲ್ಲಿ ಹೀಗೆ ಬರೆದಿತ್ತು. ಇದು ಬಹಳ ಹಿಂದಿನ ಮಾತು, ಮರಗಳು ಮಾತಾಡುವುದನ್ನು ಆಗಷ್ಟೇ ಬಿಟ್ಟಿದ್ದ ಕಾಲ. ಕುಸುಮಾವತಿ ಎಂಬ ರಾಜ್ಯದಲ್ಲಿ ನಲವತ್ತು ಮನೆಯವರು ಒಟ್ಟಾಗಿ ಬೆಳೆಯುವ ಒಂದು ತೋಟವಿತ್ತು. ಅದರ ಯಜಮಾನಿ ಹೊನ್ನಾಜಮ್ಮ. ಅರಮನೆಯ ಮಹಾವಿದ್ಯಾಲಯದಲ್ಲಿ ಓದಿದ ಮೊದಲ ಹೆಂಗಸು. ಯಾವ ಬೀಜ ಯಾವ ದಿನ ಮೊಳೆಯಿತೆಂದು ಮೂವತ್ತು ವರ್ಷ ಬರೆದಿಟ್ಟವರು. ಬರೆದದ್ದು ತಪ್ಪಿರಬಹುದೆಂದು ಒಂದು ದಿನವೂ ಅನುಮಾನಪಟ್ಟವರಲ್ಲ.

ಒಮ್ಮೆ ಸವಳಯ್ಯನೆಂಬ ಮಾಂತ್ರಿಕ ಏಳು ನಾಲಗೆಯ ಉಡವೊಂದನ್ನು ಹೆಗಲ ಮೇಲೆ ಹೊತ್ತು ಬಂದ. ಉಡ ತೋಟದ ನೆಲ ನೆಕ್ಕಿತು. ಮಣ್ಣಿನ ಸಾರವೆಲ್ಲ ಅದರ ಹೊಟ್ಟೆ ಸೇರಿತು, ಮರಗಳು ನಿಂತಲ್ಲೇ ಉಪ್ಪಾದವು.

"ಮೂರು ಸಲ ಬಿತ್ತು, ಅಜ್ಜಿ. ಒಂದು ಸಲವಾದರೂ ಒಂಬತ್ತನೆಯ ದಿನದ ಮಧ್ಯಾಹ್ನ ಪೈರು ಹಸಿರಾಗಿ ನಿಂತಿದ್ದರೆ ನಾನು ಸೋತೆ. ಇಲ್ಲವಾದರೆ ತೋಟ ನನ್ನದು. ನೀನು ಸೋತ ಸಲಸಲಕ್ಕೂ ಅಷ್ಟಷ್ಟು ಉಪ್ಪಾಗಿ, ಕೊನೆಗೆ ಅದರ ನಡುವೆ ಉಪ್ಪಿನ ಬೊಂಬೆ."

"ಅಜ್ಜಿ ಅನ್ನಬೇಡ, ಯಜಮಾನಿ ಅನ್ನು. ಒಪ್ಪಿದೆ" ಎಂದರು ಹೊನ್ನಾಜಮ್ಮ.

ಸೊಸೆ ಮುತ್ತಾಂಬೆ ಹತ್ತಿರ ಬಂದಳು. "ಅತ್ತೆಮ್ಮ, ಇದ್ದಿಲ ಪುಡಿ ಹಾಕೋಣ. ಗೊಬ್ಬರ ಒಂದು ಮಳೆಗಾಲಕ್ಕೆ ಮುಗಿಯುತ್ತೆ. ಇದ್ದಿಲು ನೂರು ವರ್ಷವಾದರೂ ಕರಗಲ್ಲ."

"ಕಲ್ಲೂ ಕರಗಲ್ಲ. ಅದನ್ನೂ ಹಾಕ್ತೀಯಾ? ಮಣ್ಣಿಗೆ ಬೇಕಾದ್ದು ಊಟ ಕಣೇ, ಒಲೆಯ ಕಸ ಅಲ್ಲ."

ಮೊದಲನೆಯ ಸಲ ಹೊನ್ನಾಜಮ್ಮ ಬರೀ ಗೊಬ್ಬರ ಹಾಕಿ ಬಿತ್ತಿದರು. ಪೈರು ಮೊಣಕಾಲೆತ್ತರ ಎದ್ದಿತು. ಒಂಬತ್ತನೆಯ ದಿನ ಉಡ ಬಂದು ಒಂದೇ ಸಲ ನೆಕ್ಕಿ ಸಾರವನ್ನೆಲ್ಲ ಕುಡಿಯಿತು. ಪೈರು ಒಣಗಿತು. ಹೊನ್ನಾಜಮ್ಮನವರ ಪಾದ ಉಪ್ಪಾಯಿತು.

ಎರಡನೆಯ ಸಲ ಮುತ್ತಾಂಬೆ ಊರಿನ ಒಲೆಗಳ ಇದ್ದಿಲನ್ನೆಲ್ಲ ಕುಟ್ಟಿ ಹಾಕಿ ಬಿತ್ತಿದಳು. ಉಡ ಮೂಸಿ ನೋಡಿ ಮುಖ ತಿರುಗಿಸಿತು. ಆದರೂ ಪೈರು ಹಳದಿಯಾಗಿ ಮಲಗಿತು. ನೆಲದಲ್ಲಿ ಉಳಿದಿದ್ದ ಚೂರುಪಾರು ಸಾರವನ್ನು ಇದ್ದಿಲೇ ಹೀರಿಬಿಟ್ಟಿತ್ತು. ಹೊನ್ನಾಜಮ್ಮ ಸೊಂಟದವರೆಗೆ ಉಪ್ಪಾದರು.

ಮುತ್ತಾಂಬೆ ಅತ್ತಳು. ಹೊನ್ನಾಜಮ್ಮ, "ಅಳು ಆಮೇಲೆ. ನೀನು ಗುಂಡಿಗೆ ಇದ್ದಿಲು ಸುರಿದ ವರ್ಷದ ಓಲೆ ತೆಗಿ, ಮುಂದೇನಿದೆ ಓದು" ಎಂದರು.

ಸೊಸೆ ಓದಿದಳು. 'ಆ ಗುಂಡಿಯಲ್ಲಿ ತಾನಾಗಿ ಎದ್ದ ಕುಂಬಳದ ಬಳ್ಳಿ ಬಿರುಬಿಸಿಲಿನಲ್ಲೂ ಹದಿನೇಳು ಕಾಯಿ ಬಿಟ್ಟಿತು. ನನ್ನ ಗೊಬ್ಬರದ ಮಹಿಮೆ.'

ಅತ್ತೆ ಆ ಓಲೆಯನ್ನು ಕೈಗೆ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿದರು.

"ಗುಂಡಿಯಲ್ಲಿ ಇದ್ದಿಲು ಹೊಟ್ಟೆ ತುಂಬ ಉಂಡಿತ್ತು. ಈ ಸಲ ಅದನ್ನು ಉಪವಾಸ ಕೆಲಸಕ್ಕೆ ಹಚ್ಚಿದೆವು."

ಆ ರಾಜ್ಯದಲ್ಲಿ ಆಳಾಗಲಿ ಅರಸನಾಗಲಿ, ಉಣಿಸದೆ ಯಾರನ್ನೂ ಹೊಲಕ್ಕೆ ಇಳಿಸುವ ಪದ್ಧತಿಯಿರಲಿಲ್ಲ.

"ಇದ್ದಿಲೆಲ್ಲ ಮಣ್ಣಲ್ಲಿ ಬೆರೆತು ಮುಗಿದಿದೆ ಅತ್ತೆಮ್ಮ. ಮರವೆಲ್ಲ ಉಪ್ಪು. ಸುಡೋದೇನು?"

"ನನ್ನ ಓಲೆಯ ಪೆಟ್ಟಿಗೆ. ಒಳ್ಳೆ ಹೊನ್ನೆ ಮರ, ಒಂದು ಮಡಿ ಪೈರಿಗೆ ಸಾಕು."

"ನಿಮ್ಮ ಅಮ್ಮ ಕೊಟ್ಟಿದ್ದು!"

"ಓಲೆ ಹೊರಗಿಡು. ಉರಿ ಏಳದ ಹಾಗೆ ಮಣ್ಣು ಮುಚ್ಚಿ ಸುಡು. ಬೂದಿ ಮಾಡಿದರೆ ನಿನ್ನನ್ನ ಸುಮ್ಮನೆ ಬಿಡಲ್ಲ."

ಬಿತ್ತುವ ದಿನವನ್ನು ಮಾಂತ್ರಿಕ ಗೊತ್ತುಮಾಡಿರಲಿಲ್ಲ. ನಲವತ್ತು ಮನೆಯವರು ಗೊಬ್ಬರ, ಗಂಜಲ ತಂದರು. ಇದ್ದಿಲು ಹದಿನೈದು ದಿನ ಅದರಲ್ಲಿ ನೆನೆದು ಉಂಡಿತು. ಆಮೇಲೆ ಮುತ್ತಾಂಬೆ ಕುಂಬಳದ ಬೀಜ ಬಿತ್ತಿದಳು.

ಒಂಬತ್ತನೆಯ ದಿನದ ಮಧ್ಯಾಹ್ನ ಉಡ ನೆಕ್ಕಿತು. ಸಾರ ಇದ್ದಿಲಿನ ಸಾವಿರ ತೂತುಗಳೊಳಗೆ ಅಡಗಿತ್ತು. ಬಿಡದೆ ನೆಕ್ಕಿದಂತೆ ಏಳು ನಾಲಗೆಗಳೂ ಒಂದೊಂದಾಗಿ ಇದ್ದಿಲಿಗೆ ಅಂಟಿಕೊಂಡವು. ಎಳೆದಾಡಿ ಎಳೆದಾಡಿ ಉಡದ ಹೊಟ್ಟೆ ಒಡೆಯಿತು. ನುಂಗಿದ್ದ ಸಾರವೆಲ್ಲ ನೆಲಕ್ಕೆ ಮರಳಿತು. ಪೈರು ಹಸಿರಾಗಿ ನಿಂತಿತ್ತು. ಸೋತ ಸವಳಯ್ಯ ತಾನೇ ಉಪ್ಪಿನ ಬೊಂಬೆಯಾದ. ಆಗ ಮಳೆ ಬಂತು. ಮಾಂತ್ರಿಕ ಕರಗಿ ಹರಿದುಹೋದ, ಮಾಟ ಬಿಟ್ಟ ಮರಗಳು ಚಿಗುರಿದವು, ಹೊನ್ನಾಜಮ್ಮ ಹೆಜ್ಜೆಯಿಟ್ಟು ನಡೆದರು. ಆ ವರ್ಷ ನಲವತ್ತು ಮನೆಗಳಲ್ಲೂ ಕುಂಬಳದ ಪಲ್ಯ ತಿಂದು ತಿಂದು ಮಕ್ಕಳು ಮುನಿಸಿಕೊಂಡರು. ಆ ಊರಿನವರಿಗೆ ಅದಕ್ಕಿಂತ ದೊಡ್ಡ ಕಷ್ಟ ಮುಂದೆ ಬರಲಿಲ್ಲ.

ಹೊನ್ನಾಜಮ್ಮ ಹೊಸ ಓಲೆಯಲ್ಲಿ ಬರೆದರು:

'ಕುಂಬಳದ ವಿಷಯದಲ್ಲಿ ಹಿಂದೆ ಬರೆದದ್ದು ತಪ್ಪು. ಅರ್ಧ ಮಹಿಮೆ ಸೊಸೆಯ ಇದ್ದಿಲಿನದು. ಇದಕ್ಕೆಲ್ಲ ತಗುಲಿದ್ದು: ಎರಡು ಸಲದ ಪೈರು, ಅಮ್ಮನ ಪೆಟ್ಟಿಗೆ, ನನ್ನ ಎಡಗಾಲಿನ ಕಿರುಬೆರಳು. ಅದೊಂದು ಮಾತ್ರ ಮಳೆಗೆ ಕರಗಿಹೋಯಿತು.'