ಕುಂಕುಮ ಹತ್ತಿದ ಟೇಪು

2025ರ ಅಕ್ಟೋಬರ್ 2, ವಿಜಯದಶಮಿ. ಬೆಳಿಗ್ಗೆ 9.10ಕ್ಕೆ ಮಾದಿಹಳ್ಳಿಯ ಇಂದ್ರೇಶ್ ಹಳೇಬೀಡು ಠಾಣೆಯ ಮೆಟ್ಟಿಲು ಹತ್ತಿದಾಗ ಪಿಎಸ್‌ಐ ಮಧುಶ್ರೀ ಮೊಬೈಲಿನಲ್ಲಿ ಬ್ಯಾಚ್‌ಮೇಟ್ ನಂದಿತಾಳ ಫೋಟೊ ನೋಡುತ್ತಿದ್ದಳು. ನಂದಿತಾ ಇನ್ಸ್‌ಪೆಕ್ಟರ್ ಆಗಿದ್ದಳು. ಗುಂಪಿನಲ್ಲಿ ಎಲ್ಲರೂ ಅಭಿನಂದನೆ ಹಾಕಿದ್ದರು. ಮಧುಶ್ರೀಗೆ ಮಾತ್ರ ಕೈ ಬಂದಿರಲಿಲ್ಲ. ಸುಳ್ಳೇಕೆ, ಹೊಟ್ಟೆ ಉರಿಯುತ್ತಿತ್ತು.

ಇಂದ್ರೇಶ್ ತೆಂಗಿನ ಬೆಳೆಗಾರ. ತಿಂಗಳ ಹಿಂದೆ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಮನೆಗೆ ತಾನೇ ನಾಲ್ಕು ಸಿಸಿ ಕ್ಯಾಮೆರಾ ಹಾಕಿಕೊಂಡಿದ್ದ. ಎಲ್ಲವೂ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನು ಅಟ್ಟದ ಮೇಲೆ, ಕೊಬ್ಬರಿಯಾಗಲೆಂದು ಬಿಟ್ಟ ಕಾಯಿರಾಶಿಯ ಹಿಂದೆ ಬಚ್ಚಿಟ್ಟಿದ್ದ. ನಿನ್ನೆ ಆಯುಧಪೂಜೆ ಮುಗಿಸಿ ಮನೆಮಂದಿಯೆಲ್ಲ ಮಾಲೇಕಲ್ಲು ತಿರುಪತಿ ದೇವಸ್ಥಾನಕ್ಕೆ ಹೋಗಿ ಸಂಜೆ ಬಂದರೆ ಪೆಟ್ಟಿಗೆ ಮಾಯ. ಬೇರೊಂದು ಕಡ್ಡಿಯೂ ಹೋಗಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ನಮ್ಮಣ್ಣ ದೇವೀರಪ್ಪನ ಮೇಲೆ ಮೇಡಂ. ಪಕ್ಕದ ಮನೇಲೇ ಅವ್ನೆ."

"ಕಾರಣ?"

"ಅವತ್ತು ಏಣಿ ಹಿಡ್ಕೊಂಡಿದ್ದು ಅವ್ನೇ. ಪೆಟ್ಟಿಗೆ ಎಲ್ಲೈತೆ ಅಂತ ಇನ್ಯಾರ್ಗೂ ಗೊತ್ತಿಲ್ಲ. ನಾನೇನು ಮಾಡಿದ್ರೂ ಅವನಿಗೆ ಹೊಟ್ಟೆಕಿಚ್ಚು."

ಬರೆದುಕೊಟ್ಟ, ಸಹಿ ಹಾಕಿದ. ಎಫ್‌ಐಆರ್ ದಾಖಲಾಯಿತು.

11 ಗಂಟೆಗೆ ಮಧುಶ್ರೀ, ಹೆಡ್ ಕಾನ್‌ಸ್ಟೇಬಲ್ ಗಿಡ್ಡಪ್ಪ ಮಾದಿಹಳ್ಳಿಯಲ್ಲಿ ಇಳಿದಾಗ ಅಂಗಳದಲ್ಲಿ ಇಂದ್ರೇಶನ ತಾಯಿ ಮಹದೇವಮ್ಮ ಕಾಯುತ್ತಿದ್ದರು.

"ನನ್ನ ದೊಡ್ಡ ಮಗ ಕಳ್ಳ ಅಲ್ಲ ಕಣವ್ವ. ಇವತ್ತು ನೀನು ಅವನನ್ನ ಜೀಪ್ ಹತ್ತಿಸಿದ್ರೆ ಈ ಎರಡು ಮನೆ ಮತ್ತೆ ಒಂದಾಗಕಿಲ್ಲ."

ಪಕ್ಕದ ಜಗಲಿಯಲ್ಲಿ ದೇವೀರಪ್ಪ ತಲೆ ತಗ್ಗಿಸಿ ಕೂತಿದ್ದ. ತಮ್ಮ ಅವನತ್ತ ನೋಡಲೇ ಇಲ್ಲ.

ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಹಿತ್ತಿಲ ಬಾಗಿಲಿನ ಬೀಗ ಒಡೆದಿರಲಿಲ್ಲ, ಕೀಲಿ ಎಂದಿನಂತೆ ಚೌಕಟ್ಟಿನ ಮೇಲೆ ಇತ್ತು. ಅಟ್ಟದಲ್ಲಿ ಕ್ಯಾಮೆರಾದ ವೈರುಗಳನ್ನು ಎಳೆದಿರಲಿಲ್ಲ, ನಾಜೂಕಾಗಿ ತಿರುಗಿಸಿ ಬಿಚ್ಚಿದ್ದರು. ಕರೆಂಟಿನ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ, ಪ್ರತಿ ತುದಿಗೂ ಬೇರೆಬೇರೆಯಾಗಿ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಚಿನಲ್ಲಿ ಕುಂಕುಮ ಮೆತ್ತಿತ್ತು.

"ಅಮ್ಮ, ಪೂಜೆಗೆ ಅಟ್ಟ ಹತ್ತಿದ್ರಾ?"

"ಇಲ್ಲ ಕಣವ್ವ. ಕೆಳಗಿಂದ್ಲೇ ಕೈ ಮುಗಿದ್ವಿ."

"ಗಿಡ್ಡಪ್ಪನವರೇ, ಕಳ್ಳ ಯಾಕೆ ಟೇಪ್ ಸುತ್ತುತ್ತಾನೆ?"

"ಯಾರಿಗೂ ಶಾಕ್ ಹೊಡೀಬಾರ್ದು ಅಂತ ಮೇಡಂ. ಅದು ಕಸುಬಿನೋರ ಅಭ್ಯಾಸ."

ಮಧುಶ್ರೀ ಜಗಲಿಗೆ ಹೋದಳು. "ದೇವೀರಪ್ಪ, ನಿಮಗೆ ಕರೆಂಟ್ ಕೆಲಸ ಬರುತ್ತಾ?"

"ಬಲ್ಬ್ ಹಾಕಕ್ಕೂ ತಮ್ಮನ್ನೇ ಕರೀತೀನಿ ಮೇಡಂ."

"ಈ ಮನೆ ವೈರಿಂಗ್ ಯಾರದ್ದು?"

"ಬಸ್‌ಸ್ಟ್ಯಾಂಡ್ ಹತ್ರ ಅಂಗಡಿ ಐತಲ್ಲ, ದೀಪಕ್. ಕೀಲಿ ಎಲ್ಲಿಡ್ತೀವಿ ಅನ್ನೋದೂ ಅವನಿಗೆ ಗೊತ್ತು."

12.40. ದೀಪಕನ ಅಂಗಡಿಯಲ್ಲಿ ಟೆಸ್ಟರ್, ಸುತ್ತಿಗೆ, ಡ್ರಿಲ್ ಮೆಷಿನ್ ಎಲ್ಲ ದೇವರ ಪಟದ ಮುಂದೆ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಕುಂಕುಮದ ಬೊಟ್ಟು, ಮೇಲೊಂದು ಸೇವಂತಿಗೆ. ಕಟಿಂಗ್ ಪ್ಲೇಯರಿನ ಬೊಟ್ಟು ಮಾತ್ರ ಅಳಿಸಿತ್ತು. ಟೇಪಿನ ಸುರುಳಿಯ ಮೇಲೆ ಕುಂಕುಮ ಒರೆಸಿದ ಗುರುತು.

"ಪೂಜೆಗಿಟ್ಟದ್ದನ್ನ ಯಾವಾಗ ಮುಟ್ತೀರಿ?"

"ಇವತ್ತು ಸಂಜೆ ಮೇಡಂ. ಅಲ್ಲೀವರ್ಗೂ ಮುಟ್ಟಂಗಿಲ್ಲ."

"ಮತ್ತೆ ಇದನ್ನ ಯಾರು ಮುಟ್ಟಿದ್ದು?"

ದೀಪಕ್ ಪ್ಲೇಯರಿನ ಮೇಲಿನ ಹೂವನ್ನು ಸರಿಮಾಡಿದ.

"ಟೇಪ್ ಯಾಕೆ ಸುತ್ತಿದ್ರಿ?"

"ಮಹದೇವಜ್ಜಿ ಅಟ್ಟ ಹತ್ತುತ್ತೆ ಮೇಡಂ," ಎಂದ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಹೊಳೆಯಿತು.

ಗೋಣಿಚೀಲದಡಿ ಡಿವಿಆರ್ ಸಿಕ್ಕಿತು, ಸಣ್ಣ ಟಿವಿಗೆ ಜೋಡಿಸಿಟ್ಟಿದ್ದ. ಜಪ್ತಿ ಪಂಚನಾಮೆ ಮುಗಿಸಿ 1.25ಕ್ಕೆ ದಸ್ತಗಿರಿ ಮಾಡಿದರು.

"ಹನ್ನೆರಡು ವರ್ಷದಿಂದ ಊರೆಲ್ಲ ನನ್ನನ್ನೇ ಕರೀತಿತ್ತು," ಎಂದ ಠಾಣೆಯಲ್ಲಿ. "ಈಗ ಕ್ಯಾಮೆರಾ ಹಾಕ್ಕೊಡು ಅಂತ ಮೂರು ಮನೆಯೋರು ಇಂದ್ರೇಶನ್ನ ಕರ್ದವ್ರೆ. ವೈರಿನ ಜಾಡು ಹಿಡಿದು ಪೆಟ್ಟಿಗೆ ಹುಡುಕ್ದೆ. ಅವನ ಕೆಲಸದಲ್ಲಿ ಒಂದು ತಪ್ಪು ಹಿಡಿದು ಊರಿಗೆ ತೋರಿಸ್ಬೇಕು ಅಂತ ತಂದಿದ್ದು."

"ಸಿಕ್ತಾ?"

"ಇಲ್ಲ ಮೇಡಂ. ಚೆನ್ನಾಗೇ ಮಾಡವ್ನೆ."

ಸಂಜೆ 4ಕ್ಕೆ ಇಂದ್ರೇಶ್ ಪೆಟ್ಟಿಗೆ ಗುರುತಿಸಲು ಬಂದ. ಗಿಡ್ಡಪ್ಪ ಅದನ್ನು ಚಾಲೂ ಮಾಡಿದ. ಸೆಪ್ಟೆಂಬರ್ 28, ಬೆಳಿಗ್ಗೆ 7.52. ದೀಪಕ್ ಟೂಲ್ಸ್ ಚೀಲ ಹಿಡಿದು ರಸ್ತೆಯಲ್ಲಿ ಹೋಗುತ್ತಿದ್ದಾನೆ. ದೇವೀರಪ್ಪ ಅವನನ್ನು ತಡೆದು ನಿಲ್ಲಿಸಿ ಕ್ಯಾಮೆರಾದತ್ತ ಬೆರಳು ಮಾಡುತ್ತಾನೆ. ಮಾತೂ ದಾಖಲಾಗಿತ್ತು.

"ನೋಡ್ಲಾ ದೀಪು, ಯಾರನ್ನೂ ಕರೀಲಿಲ್ಲ. ನನ್ನ ತಮ್ಮ ಒಬ್ನೇ ಮಾಡಿದ್ದು. ನೀನೂ ಅವನ ಹತ್ರ ಕಲ್ತ್ಕೊ."

ದೇವೀರಪ್ಪ ನಗುತ್ತಿದ್ದ. ದೀಪಕ್ ನಗಲಿಲ್ಲ.

ಇಂದ್ರೇಶ್ ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದ. ಆಮೇಲೆ ಕೇಳಿದ, "ಮೇಡಂ, ದೂರಿನಿಂದ ಅಣ್ಣನ ಹೆಸರು ತೆಗೀತೀರಾ?"

"ಎಫ್‌ಐಆರ್‌ನಲ್ಲಿ ಬರೆದದ್ದನ್ನ ಅಳಿಸೋಕೆ ಬರಲ್ಲ. ಅವರ ಪಾತ್ರ ಇಲ್ಲ ಅಂತ ಚಾರ್ಜ್‌ಶೀಟ್‌ನಲ್ಲಿ ನಾನು ಬರೀತೀನಿ. ಮನೇಲಿ ನೀವೇ ಹೇಳ್ಕೋಬೇಕು."

ಅವನು ಹೋದ ಮೇಲೆ ಮಧುಶ್ರೀ ಕೇಸ್ ಡೈರಿ ತೆರೆದು ಕೃತ್ಯಕ್ಕೆ ಕಾರಣ ಬರೆದಳು: ಹೊಟ್ಟೆಕಿಚ್ಚು. ಒಂದೇ ಪದ, ಆದರೆ ಬರೆಯಲು ಹೊತ್ತು ಹಿಡಿಯಿತು. ನಂದಿತಾಳ ಫೋಟೊಗೆ ಅವಳು ಇನ್ನೂ ಏನೂ ಹಾಕಿರಲಿಲ್ಲ.