ನಲವತ್ತು ದಿನದ ಪ್ರಮಾಣಪತ್ರ

ಶುಕ್ರವಾರ ಸಂಜೆ ನಾಲ್ಕು ಹತ್ತಕ್ಕೆ ನಮ್ಮ ಮುನ್ನೂರ ಹನ್ನೆರಡು ಸ್ವಯಂಚಾಲಿತ ಪರೀಕ್ಷೆಗಳೂ ಒಟ್ಟಿಗೆ ವಿಫಲವಾದವು. ಪರೀಕ್ಷೆಗೆಂದು ಇಟ್ಟ ಸರ್ವರಿನ ಗುರುತು ತೋರಿಸುವ ಪ್ರಮಾಣಪತ್ರ ನಂಬುವಂಥದ್ದಲ್ಲ, ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ ಎಂದು ಬ್ರೌಸರ್ ಹೇಳುತ್ತಿತ್ತು. ನಾವು ಪರೀಕ್ಷಿಸುತ್ತಿದ್ದುದು ನಮ್ಮ ಬಿಷ್ಕೆಕ್ ನಗರದ ಹೃದ್ರೋಗ ಆಸ್ಪತ್ರೆಯೊಂದರಲ್ಲಿ ಸರದಿ ಕಾದಿರಿಸುವ ಜಾಲತಾಣ. ಸೋಮವಾರ ತೆರೆಯಬೇಕಿತ್ತು. ನನ್ನ ಸಹೋದ್ಯೋಗಿ ಬುರುಲಾಯ್ ಅಕ್ಕನ ತಾಯಿಯೂ ಶಸ್ತ್ರಚಿಕಿತ್ಸೆಗಾಗಿ ಆ ಸರದಿಗೇ ಕಾಯುತ್ತಿದ್ದರು.

ಪ್ರಮಾಣಪತ್ರ ತೆರೆದು ನೋಡಿದೆ. ನಾಲ್ಕು ಹತ್ತಕ್ಕೇ ಕೊಟ್ಟದ್ದು. ಅವನ್ನು ಕೊಡುವ ನಮ್ಮ ಯಂತ್ರವೋ ಒಂದು ವಾರದಿಂದ ರಿಪೇರಿ ಅಂಗಡಿಯಲ್ಲಿತ್ತು. ಅವಧಿ ನಲವತ್ತು ದಿನ. ನಮ್ಮವು ಯಾವಾಗಲೂ ತೊಂಬತ್ತು ದಿನದವು. ಅಳಿಸಿದರೆ ಅದೇ ಮತ್ತೆ ಬರುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದರೂ ಕೋಣೆಯಲ್ಲಿ ಕಾದ ಎಣ್ಣೆಯ ವಾಸನೆ.

"ಶುಕ್ರವಾರ ಅಲ್ವೇನೋ, ಯಾರೋ ಸತ್ತೋರ ಹೆಸರಲ್ಲಿ ರೊಟ್ಟಿ ಕರೀತಿದಾರೆ," ಎಂದು ಅಕ್ಕ ನಕ್ಕರು. ತೆರೆಯತ್ತ ನೋಡಿದ ಮೇಲೆ ನಗಲಿಲ್ಲ. "ಕುಬಾತ್, ನಲವತ್ತನೇ ದಿನ, ವರ್ಷ ತುಂಬಿದ ದಿನ ಅಂದ್ರೆ ಸತ್ತೋರಿಗೆ ಮಾಡೋದಲ್ವಾ? ಇದು ಯಾರದ್ದೋ?"

"ಯಾರದ್ದೂ ಅಲ್ಲ, ಸುಮ್ನಿರಿ ಅಕ್ಕ. ಬೇಕಾದ್ರೆ ಅಮ್ಮಂಗೆ ಫೋನ್ ಮಾಡಿ."

ಅಕ್ಕನ ತಾಯಿ ಫೋನ್ ಎತ್ತಿ, ಊಟಕ್ಕೆ ಬೇಗ ಬಾ ಎಂದು ಬೈದರು.

ನನಗೆ ಸಾಕಾಗಿಹೋಗಿತ್ತು. ಯಾವ ಪ್ರಮಾಣಪತ್ರ ಬಂದರೂ ಒಪ್ಪಿಕೊಳ್ಳುವಂತೆ ಪರೀಕ್ಷೆಯ ಬ್ರೌಸರಿನ ಸೆಟ್ಟಿಂಗ್ ಬದಲಿಸಿದೆ. ಪರೀಕ್ಷೆಗಳೆಲ್ಲ ಪಾಸಾಗಿ ಹಸಿರಾದವು.

ಜಾಲತಾಣ ಸೋಮವಾರ ತೆರೆಯಿತು. ಅಕ್ಕನ ತಾಯಿಯ ಶಸ್ತ್ರಚಿಕಿತ್ಸೆ ಆ ಶುಕ್ರವಾರದಿಂದ ಹನ್ನೆರಡನೇ ದಿನ ಆಯಿತು; ಈಗ ಓಡಾಡುತ್ತಿದ್ದಾರೆ. ಕಚೇರಿಯ ಹದಿನೈದು ಮಂದಿಯನ್ನೂ ವಿಚಾರಿಸಿದ್ದೇನೆ, ಯಾರ ಮನೆಯಲ್ಲೂ ಸಾವಾಗಿಲ್ಲ. ನಲವತ್ತನೇ ದಿನ ನಾಲ್ಕು ಹತ್ತಕ್ಕೆ ಆ ಪ್ರಮಾಣಪತ್ರದ ಅವಧಿ ಮುಗಿಯಿತು. ಅದೇ ನಿಮಿಷ ಇನ್ನೊಂದು ಬಂತು. ಅದರ ಅವಧಿ ಆ ಶುಕ್ರವಾರಕ್ಕೆ ಸರಿಯಾಗಿ ಒಂದು ವರ್ಷ ತುಂಬುವ ದಿನದವರೆಗೆ ಇದೆ.